ಹಿಂಬದಿ ದೀಪಗಳ ಬಣ್ಣಲೇಪನ

ಹಿಂಬದಿ ದೀಪಗಳ ಬಣ್ಣಲೇಪನ ಎಂದರೆ ಕಾರು ಮೊದಲಾದ ಮೋಟಾರು ವಾಹನಗಳ ಹಿಂಭಾಗದ ದೀಪಗಳ ಹೊರಕವಚದ ಮೇಲೆ ಅರೆಪಾರದರ್ಶಕವಾದ ಕಪ್ಪು, ಬೂದು ಅಥವಾ ಗಾಢ ಕೆಂಪು ಪದರವನ್ನು ಬಳಿಯುವ ಇಲ್ಲವೆ ಅಂಟಿಸುವ ಕ್ರಿಯೆ. ಆಡುಮಾತಿನಲ್ಲಿ ಇದನ್ನು ಟೈಲ್ ಲೈಟ್ ಟಿಂಟಿಂಗ್, ಸ್ಮೋಕ್ ಲೈಟ್ ಅಥವಾ ದೀಪಕ್ಕೆ ಸ್ಮೋಕ್ ಹೊಡೆಸುವುದು ಎಂದು ಕರೆಯಲಾಗುತ್ತದೆ. ವಾಹನದ ಅಂದವನ್ನು ಬದಲಿಸುವ ಉದ್ದೇಶದಿಂದ ಇದನ್ನು ಅಲಂಕಾರ ಸಾಮಗ್ರಿಗಳ ಅಂಗಡಿಗಳಲ್ಲಿಯೂ ಮನೆಯಂಗಳದಲ್ಲಿಯೂ ಮಾಡಲಾಗುತ್ತದೆ. ಲೇಪನವು ದೀಪದಿಂದ ಹೊರಬರುವ ಬೆಳಕನ್ನು ಕುಂದಿಸುವುದರಿಂದ ಇದು ರಸ್ತೆ ಸುರಕ್ಷತೆ ಮತ್ತು ಮೋಟಾರು ವಾಹನ ಕಾನೂನಿಗೆ ಸಂಬಂಧಿಸಿದ ವಿಷಯವೂ ಆಗಿದೆ. ಹಿಂಬದಿ ದೀಪವು ಚಾಲಕನಿಗೆ ದಾರಿ ತೋರಿಸುವ ದೀಪವಲ್ಲ. ಹಿಂದಿನಿಂದ ಬರುವವರಿಗೆ ಸಂಕೇತ ನೀಡುವ ದೀಪ. ಆದ್ದರಿಂದ ಅದು ಮಂದವಾದದ್ದು ವಾಹನದ ಒಳಗೆ ಕುಳಿತವರ ಅರಿವಿಗೆ ಬರುವುದಿಲ್ಲ.

ಹಿಂಬದಿ ದೀಪದ ಭಾಗಗಳು

ಇಂದಿನ ಕಾರುಗಳಲ್ಲಿ ಹಿಂಭಾಗದ ಹಲವು ದೀಪಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಲಾಗಿರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಕೆಳಗಿನ ಅಂಗಗಳಿರುತ್ತವೆ.

ಸ್ಥಾನ ಸೂಚಕ ದೀಪ: ಮುಂದೀಪದ ಜೊತೆಗೆ ಉರಿಯುವ ಕೆಂಪು ದೀಪ. ವಾಹನ ಎಲ್ಲಿದೆ, ಎಷ್ಟು ಅಗಲವಿದೆ ಎಂಬುದನ್ನು ತಿಳಿಸುತ್ತದೆ.

ಬ್ರೇಕ್ ದೀಪ: ಬ್ರೇಕ್ ಪೆಡಲ್ ಒತ್ತಿದಾಗ ಮಾತ್ರ ಉರಿಯುವ, ಹೆಚ್ಚು ಪ್ರಖರವಾದ ಕೆಂಪು ದೀಪ.

ದಿಕ್ಸೂಚಕ: ಎಡಕ್ಕೋ ಬಲಕ್ಕೋ ತಿರುಗುವುದನ್ನು ತಿಳಿಸುವ, ಮಿನುಗುವ ಹಳದಿಗೆಂಪು ದೀಪ.

ಹಿಂಚಲನೆ ದೀಪ: ರಿವರ್ಸ್ ಗೇರ್ ಹಾಕಿದಾಗ ಉರಿಯುವ ಬಿಳಿ ದೀಪ.

ಪ್ರತಿಫಲಕ: ತಾನಾಗಿ ಉರಿಯದೆ, ಹಿಂದಿನ ವಾಹನದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಕೆಂಪು ತುಣುಕು. ಕೆಟ್ಟು ನಿಂತ ವಾಹನದ ಬ್ಯಾಟರಿ ಬರಿದಾಗಿದ್ದರೂ ಇದು ಕೆಲಸ ಮಾಡುತ್ತದೆ.

ಕೆಲವು ಕಾರುಗಳಲ್ಲಿ ಇವುಗಳ ಜೊತೆಗೆ ಹಿಂಬದಿ ಮಂಜು ದೀಪವೂ ಇರುತ್ತದೆ. ಹೊರಕವಚವನ್ನು ಸಾಮಾನ್ಯವಾಗಿ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ನಿಂದ ತಯಾರಿಸಲಾಗುತ್ತದೆ. ಆಡುಮಾತಿನಲ್ಲಿ ಇದನ್ನು ಗಾಜು ಎಂದು ಕರೆಯುವುದುಂಟು. ತಂತುವಿನ ಬಲ್ಬ್ ಇರುವ ದೀಪಗಳಲ್ಲಿ 12 ವೋಲ್ಟ್‌ನ, ಎರಡು ತಂತುಗಳುಳ್ಳ ಬಲ್ಬ್ ಬಳಕೆಯಲ್ಲಿದೆ. ಅದರ 5 ವಾಟ್ ತಂತು ಸ್ಥಾನ ಸೂಚಕವಾಗಿಯೂ 21 ವಾಟ್ ತಂತು ಬ್ರೇಕ್ ದೀಪವಾಗಿಯೂ ಉರಿಯುತ್ತವೆ. ಬಲ್ಬನ್ನು ತಿರುಗುಮುರುಗಾಗಿ ಕೂರಿಸಲು ಆಗದಂತೆ ಅದರ ಬುಡದ ಎರಡು ಮೊಳೆಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಡಲಾಗಿರುತ್ತದೆ. ಹೊಸ ಮಾದರಿಗಳಲ್ಲಿ ಎಲ್‌ಇಡಿಗಳು ಈ ಬಲ್ಬ್‌ಗಳ ಸ್ಥಾನವನ್ನು ಪಡೆದಿವೆ.

ಬೆಳಕಿನ ಪ್ರಮಾಣ

ದೀಪವೊಂದು ನಿರ್ದಿಷ್ಟ ದಿಕ್ಕಿನಲ್ಲಿ ಸೂಸುವ ಬೆಳಕಿನ ತೀವ್ರತೆಯನ್ನು ಕ್ಯಾಂಡೆಲಾ ಎಂಬ ಮಾನದಿಂದ ಅಳೆಯಲಾಗುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಗಳಲ್ಲಿ ಏಳನೆಯದು ಹಿಂಬದಿ ಸ್ಥಾನ ಸೂಚಕ ದೀಪಕ್ಕೆ ಕನಿಷ್ಠ 4 ಕ್ಯಾಂಡೆಲಾ ಹಾಗೂ ಬ್ರೇಕ್ ದೀಪಕ್ಕೆ ಕನಿಷ್ಠ 60 ಕ್ಯಾಂಡೆಲಾ ತೀವ್ರತೆಯನ್ನು ನಿಗದಿಪಡಿಸಿತು. ಮಂಜು ದೀಪಕ್ಕೆ ಸಂಬಂಧಿಸಿದ 38ನೆಯ ನಿಯಮಾವಳಿಯಲ್ಲಿ ಕನಿಷ್ಠ ಮಿತಿ 150 ಕ್ಯಾಂಡೆಲಾ. ಸ್ಥಾನ ಸೂಚಕಕ್ಕೂ ಬ್ರೇಕ್ ದೀಪಕ್ಕೂ ಇಷ್ಟು ಅಂತರವಿರುವುದರಿಂದಲೇ ಹಿಂದಿನ ಚಾಲಕನು ಮುಂದಿನ ವಾಹನ ಸಾಗುತ್ತಿದೆಯೋ ನಿಲ್ಲುತ್ತಿದೆಯೋ ಎಂಬುದನ್ನು ಕ್ಷಣಮಾತ್ರದಲ್ಲಿ ತಿಳಿಯಬಲ್ಲನು.

ಲೇಪನದ ಗಾಢತೆಯನ್ನು ಅದು ಎಷ್ಟು ಶೇಕಡಾ ಬೆಳಕನ್ನು ತನ್ನ ಮೂಲಕ ಹಾಯಲು ಬಿಡುತ್ತದೆ ಎಂಬುದರಿಂದ ಹೇಳಲಾಗುತ್ತದೆ. ಶೇ. 50ರ ಲೇಪನವೆಂದರೆ ಅರ್ಧ ಬೆಳಕು ಹೊರಬರುತ್ತದೆ, ಅರ್ಧ ಪದರದಲ್ಲಿಯೇ ಹೀರಲ್ಪಡುತ್ತದೆ ಎಂದರ್ಥ.

ಇತಿಹಾಸ

ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ಹಿಂಭಾಗಕ್ಕೆ ಒಂದೇ ಒಂದು ಎಣ್ಣೆಯ ದೀಪವನ್ನು ತೂಗುಹಾಕಲಾಗುತ್ತಿತ್ತು. ವಿದ್ಯುತ್ ದೀಪಗಳು ಬಂದ ಮೇಲೆ ಹಿಂಬದಿ ದೀಪಗಳು ಜೋಡಿಯಾದವು; ಬ್ರೇಕ್ ದೀಪ ಮತ್ತು ದಿಕ್ಸೂಚಕಗಳು ಒಂದೊಂದಾಗಿ ಸೇರಿದವು. ಅಮೆರಿಕದಲ್ಲಿ 1986ರ ಮಾದರಿಯ ಕಾರುಗಳಿಂದ ಹಿಂಗಾಜಿನ ಬಳಿ, ಎತ್ತರದಲ್ಲಿ ಮೂರನೆಯ ಬ್ರೇಕ್ ದೀಪವನ್ನು ಕಡ್ಡಾಯಗೊಳಿಸಲಾಯಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತವು 1998ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ಒಂದು ಚಿಕ್ಕ ದೀಪವು ಹಿಂದಿನಿಂದ ಡಿಕ್ಕಿಯಾಗುವ ಅಪಘಾತಗಳನ್ನು ದೀರ್ಘಾವಧಿಯಲ್ಲಿ ಶೇ. 4.3ರಷ್ಟು ತಗ್ಗಿಸಿತು. ಹಿಂಬದಿ ದೀಪದಲ್ಲಿನ ಸಣ್ಣ ಬದಲಾವಣೆಯೂ ಅಪಘಾತಗಳ ಸಂಖ್ಯೆಯ ಮೇಲೆ ಪರಿಣಾಮ ಬೀರುತ್ತದೆ ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

ದೀಪಗಳ ಅಂದವನ್ನು ಬದಲಿಸುವ ರೂಢಿಗೆ 1998ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಟೊಯೊಟಾ ಆಲ್ಟೆಜಾ ಕಾರು ಹೆಚ್ಚಿನ ಪ್ರಚಾರ ನೀಡಿತು. ಪಾರದರ್ಶಕ ಹೊರಕವಚದೊಳಗೆ ದುಂಡನೆಯ ಕೆಂಪು ದೀಪಗಳಿದ್ದ ಅದರ ವಿನ್ಯಾಸವನ್ನು ಅನುಕರಿಸಿದ ಬಿಡಿಭಾಗಗಳು ಅನೇಕ ದೇಶಗಳ ಮಾರುಕಟ್ಟೆಗೆ ಬಂದವು. ಅವುಗಳಿಗೆ ಆಲ್ಟೆಜಾ ದೀಪಗಳೆಂದೇ ಹೆಸರಾಯಿತು. ಕಪ್ಪು ಛಾಯೆಯ ದೀಪಗಳು ಇದೇ ಅಭಿರುಚಿಯ ಇನ್ನೊಂದು ರೂಪ. ಕೆಲವು ಕಾರು ತಯಾರಕರು ಕಾರ್ಖಾನೆಯಲ್ಲಿಯೇ ಕಪ್ಪು ಛಾಯೆಯ ಹಿಂಬದಿ ದೀಪಗಳನ್ನು ಅಳವಡಿಸುತ್ತಾರೆ. ಆದರೆ ಇವುಗಳಲ್ಲಿ ಹೊರಕವಚ ಹೀರುವ ಬೆಳಕನ್ನು ಮೊದಲೇ ಲೆಕ್ಕಹಾಕಿ, ಒಳಗಿನ ಬೆಳಕಿನ ಮೂಲ ಮತ್ತು ಪ್ರತಿಫಲನ ಬಟ್ಟಲನ್ನು ಅದಕ್ಕೆ ತಕ್ಕಂತೆ ರೂಪಿಸಲಾಗಿರುತ್ತದೆ ಮತ್ತು ಇಡೀ ದೀಪವನ್ನು ಪರೀಕ್ಷೆಗೆ ಒಳಪಡಿಸಲಾಗಿರುತ್ತದೆ. ಸಾಧಾರಣ ದೀಪದ ಮೇಲೆ ನಂತರ ಬಳಿದ ಪದರವು ನೋಟಕ್ಕೆ ಅದನ್ನೇ ಹೋಲಿದರೂ ಈ ಪರೀಕ್ಷೆಯನ್ನು ಹಾದು ಬಂದಿರುವುದಿಲ್ಲ.

ದೀಪವನ್ನು ಕಳಚುವ ಕ್ರಮ

ಬಲ್ಬ್ ಬದಲಿಸಲು, ಒಡೆದ ದೀಪವನ್ನು ತೆಗೆಯಲು, ಒಳಗೆ ಸೇರಿದ ನೀರನ್ನು ಒಣಗಿಸಲು ಅಥವಾ ಹೊರಕವಚಕ್ಕೆ ಹೊಳಪು ನೀಡಲು ಹಿಂಬದಿ ದೀಪವನ್ನು ಕಳಚಬೇಕಾಗುತ್ತದೆ. ವಿಧಾನವು ಮಾದರಿಯಿಂದ ಮಾದರಿಗೆ ವ್ಯತ್ಯಾಸವಾಗುತ್ತದೆಯಾದರೂ ಹೆಚ್ಚಿನ ಕಾರುಗಳಲ್ಲಿ ಕ್ರಮ ಹೀಗಿರುತ್ತದೆ.

1. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಮತ್ತು ಎಲ್ಲ ದೀಪಗಳನ್ನು ಆರಿಸಲಾಗುತ್ತದೆ. ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಡಿಸುವುದರಿಂದ ಶಾರ್ಟ್ ಸರ್ಕ್ಯೂಟ್ ಆಗುವ ಸಂಭವ ತಪ್ಪುತ್ತದೆ.

2. ಡಿಕ್ಕಿಯ ಬಾಗಿಲನ್ನು ತೆರೆದು, ದೀಪದ ಹಿಂದಿರುವ ಪ್ಲಾಸ್ಟಿಕ್ ಮುಚ್ಚಳ ಅಥವಾ ಒಳಹೊದಿಕೆಯನ್ನು ಸರಿಸಲಾಗುತ್ತದೆ. ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ದೀಪವನ್ನು ಹಿಡಿದಿರುವ ತಿರುಪುಗಳು ಬಾಗಿಲಿನ ಅಂಚಿನಲ್ಲಿ ಹೊರಗಿನಿಂದಲೇ ಕಾಣುವುದುಂಟು.

3. ತಿರುಪು ಅಥವಾ ನಟ್‌ಗಳನ್ನು ಬಿಚ್ಚಿ, ಕಳೆದುಹೋಗದಂತೆ ಒಂದು ಬಟ್ಟಲಿನಲ್ಲಿ ಇಡಲಾಗುತ್ತದೆ.

4. ದೀಪದ ಹೊರಬದಿಯಲ್ಲಿ ಸಾಮಾನ್ಯವಾಗಿ ಒಂದೆರಡು ಪ್ಲಾಸ್ಟಿಕ್ ಗೂಟಗಳು ದೇಹಭಾಗದ ರಂಧ್ರದಲ್ಲಿ ಸಿಕ್ಕಿಕೊಂಡಿರುತ್ತವೆ. ದೀಪವನ್ನು ಪಕ್ಕಕ್ಕೆ ಮೀಟದೆ ನೇರವಾಗಿ ಹಿಂದಕ್ಕೆ ಎಳೆದರೆ ಅವು ಬಿಡುತ್ತವೆ. ಸ್ಕ್ರೂ ಡ್ರೈವರ್‌ನಿಂದ ಮೀಟಿದರೆ ಗೂಟ ಮುರಿಯುವ, ಬಣ್ಣ ಕೆರೆಯುವ ಸಾಧ್ಯತೆಯಿದೆ.

5. ತಂತಿಯ ಕನೆಕ್ಟರ್‌ನ ಕೊಂಡಿಯನ್ನು ಒತ್ತಿ ಬಿಡಿಸಲಾಗುತ್ತದೆ. ತಂತಿಯನ್ನು ಹಿಡಿದು ಎಳೆಯುವುದು ಸರಿಯಲ್ಲ.

ಮರುಜೋಡಣೆಯಲ್ಲಿ ದೀಪ ಮತ್ತು ದೇಹದ ನಡುವಿನ ಮೆತ್ತನೆಯ ಗ್ಯಾಸ್ಕೆಟ್ ಮುಖ್ಯವಾದುದು. ಅದು ಹರಿದಿದ್ದರೆ ಅಥವಾ ಮಡಚಿಕೊಂಡಿದ್ದರೆ ಮಳೆಗಾಲದಲ್ಲಿ ಡಿಕ್ಕಿಯೊಳಗೆ ನೀರು ಇಳಿಯುತ್ತದೆ. ಬಲ್ಬ್‌ನ ಹಿಡಿಕೆಗೆ ತುಕ್ಕು ಹಿಡಿದು ದೀಪ ಆಗಾಗ ಆರುತ್ತದೆ. ಜೋಡಣೆಯ ನಂತರ ಇನ್ನೊಬ್ಬರನ್ನು ವಾಹನದ ಹಿಂದೆ ನಿಲ್ಲಿಸಿ ಸ್ಥಾನ ಸೂಚಕ, ಬ್ರೇಕ್, ಎರಡೂ ದಿಕ್ಸೂಚಕ ಮತ್ತು ಹಿಂಚಲನೆ ದೀಪಗಳನ್ನು ಒಂದೊಂದಾಗಿ ಪರೀಕ್ಷಿಸಲಾಗುತ್ತದೆ. ಒಬ್ಬರೇ ಇದ್ದಾಗ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದ ವಾಹನದ ಬೆಳಕು ಗೋಡೆಯ ಮೇಲೆ ಬೀಳುವುದನ್ನು ಕನ್ನಡಿಯಲ್ಲಿ ನೋಡಿಯೂ ಪರೀಕ್ಷಿಸಬಹುದು.

ಲೇಪನದ ವಿಧಾನಗಳು

ತುಂತುರು ಬಣ್ಣ: ಡಬ್ಬಿಯಿಂದ ಸಿಂಪಡಿಸುವ ಅರೆಪಾರದರ್ಶಕ ಕಪ್ಪು ಬಣ್ಣವನ್ನು ಬಳಸಲಾಗುತ್ತದೆ. ಮೊದಲು ಹೊರಕವಚವನ್ನು ತೊಳೆದು, ಜಿಡ್ಡು ತೆಗೆದು, ನಯವಾದ ನೀರುಕಾಗದದಿಂದ ಉಜ್ಜಿ ಮೇಲ್ಮೈಯನ್ನು ಮಂಕಾಗಿಸಲಾಗುತ್ತದೆ. ಅನಂತರ ತೆಳುವಾದ ಹಲವು ಪದರಗಳನ್ನು, ಒಂದು ಒಣಗಿದ ಮೇಲೆ ಇನ್ನೊಂದರಂತೆ ಸಿಂಪಡಿಸಿ, ಕೊನೆಯಲ್ಲಿ ಪಾರದರ್ಶಕ ವಾರ್ನಿಷ್ ನೀಡಲಾಗುತ್ತದೆ. ಪ್ರತಿ ಪದರದಲ್ಲಿಯೂ ಬೆಳಕಿನ ಪ್ರಸರಣ ಗುಣಾಕಾರವಾಗಿ ಇಳಿಯುತ್ತದೆ. ಪ್ರತಿ ಪದರವು ಶೇ. 80ರಷ್ಟು ಬೆಳಕನ್ನು ಬಿಡುವುದಾದರೆ ಮೂರು ಪದರಗಳ ನಂತರ ಹೊರಬರುವುದು ಸುಮಾರು ಶೇ. 51 ಮಾತ್ರ. ಕೈಯಿಂದ ಸಿಂಪಡಿಸುವಾಗ ಎಡ ಮತ್ತು ಬಲ ದೀಪಗಳ ಗಾಢತೆ ಒಂದೇ ಆಗಿರುವುದು ಕಷ್ಟ. ಬಣ್ಣದಲ್ಲಿನ ದ್ರಾವಕಗಳು ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್‌ಗಳಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಉಂಟುಮಾಡಬಲ್ಲವು. ಎರಡು ದ್ರವಗಳನ್ನು ಬೆರೆಸಿ ಬಳಸುವ ವಾರ್ನಿಷ್‌ಗಳಲ್ಲಿ ಐಸೋಸಯನೇಟ್ ಇರುವುದರಿಂದ ಅವುಗಳ ತುಂತುರನ್ನು ಉಸಿರಾಡುವುದು ಶ್ವಾಸಕೋಶಕ್ಕೆ ಅಪಾಯಕಾರಿ. ಮುಚ್ಚಿದ ಕೋಣೆಯಲ್ಲಿ, ತಕ್ಕ ಮುಖಗವಸು ಇಲ್ಲದೆ ಇದನ್ನು ಬಳಸಬಾರದು.

ಫಿಲ್ಮ್: ಹಿಗ್ಗುವ ಗುಣವುಳ್ಳ ವಿನೈಲ್ ಹಾಳೆಯನ್ನು ಸಾಬೂನು ನೀರಿನ ನೆರವಿನಿಂದ ಹೊರಕವಚದ ಮೇಲೆ ಹರಡಿ, ಬಿಸಿಗಾಳಿಯಿಂದ ಬಾಗಿಸಿ, ಅಂಚುಗಳನ್ನು ಕತ್ತರಿಸಲಾಗುತ್ತದೆ. ಇದಕ್ಕೆ ದೀಪವನ್ನು ಕಳಚುವುದು ಅನಿವಾರ್ಯವಲ್ಲ. ಕಳಚಿದರೆ ಅಂಚುಗಳನ್ನು ಒಳಕ್ಕೆ ಮಡಿಸಲು ಅನುಕೂಲವಾಗುತ್ತದೆ. ಗಾಢತೆ ಎಲ್ಲೆಡೆ ಏಕರೂಪವಾಗಿರುತ್ತದೆ ಮತ್ತು ಬೇಡವೆನಿಸಿದಾಗ ಸುಲಿದು ತೆಗೆಯಬಹುದು.

ಸಿದ್ಧ ದೀಪಗಳು: ಛಾಯೆಯುಳ್ಳ ಇಡೀ ದೀಪವನ್ನೇ ಕೊಂಡು ಅಳವಡಿಸುವುದು ಮೂರನೆಯ ವಿಧಾನ. ಇವುಗಳಲ್ಲಿ ಕೆಲವಕ್ಕೆ ಪ್ರತಿಫಲಕವೇ ಇರುವುದಿಲ್ಲ. ಅನುಮೋದಿತ ದೀಪಗಳ ಮೇಲೆ ಅನುಮೋದನೆಯ ಗುರುತು ಅಚ್ಚಾಗಿರುತ್ತದೆ.

ಗೋಚರತೆಯ ಮೇಲೆ ಪರಿಣಾಮ

ಶುಭ್ರವಾದ ಗಾಳಿಯಲ್ಲಿ ದೀಪದ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಂದುತ್ತದೆ. ಆದ್ದರಿಂದ ದೀಪವು ಕಣ್ಣಿಗೆ ಬೀಳುವ ಗರಿಷ್ಠ ದೂರವು ಅದರ ತೀವ್ರತೆಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಪ್ರತಿಫಲಕದ ವಿಷಯ ಇನ್ನೂ ಗಂಭೀರ: ಹಿಂದಿನ ವಾಹನದ ಬೆಳಕು ಒಳಹೋಗುವಾಗ ಒಮ್ಮೆ, ಮರಳುವಾಗ ಇನ್ನೊಮ್ಮೆ ಲೇಪನವನ್ನು ಹಾಯಬೇಕಾಗುವುದರಿಂದ ನಷ್ಟ ಎರಡು ಬಾರಿ ಆಗುತ್ತದೆ. 155 ಮೀಟರ್ ದೂರಕ್ಕೆ ಸರಿಯಾಗಿ ಕಾಣುವಷ್ಟೇ ಬೆಳಕುಳ್ಳ ದೀಪವೊಂದನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಲೆಕ್ಕ ಹೀಗಾಗುತ್ತದೆ.

| ಲೇಪನದ ಬೆಳಕು ಪ್ರಸರಣ | ದೀಪ ಕಾಣುವ ದೂರ | ಪ್ರತಿಫಲಕದಿಂದ ಮರಳುವ ಬೆಳಕು |
|---|---|---|
| ಲೇಪನವಿಲ್ಲ | 155 ಮೀ. | ಶೇ. 100 |
| ಶೇ. 80 | ಸುಮಾರು 139 ಮೀ. | ಶೇ. 64 |
| ಶೇ. 50 | ಸುಮಾರು 110 ಮೀ. | ಶೇ. 25 |
| ಶೇ. 35 | ಸುಮಾರು 92 ಮೀ. | ಸುಮಾರು ಶೇ. 12 |
| ಶೇ. 20 | ಸುಮಾರು 69 ಮೀ. | ಶೇ. 4 |

ಹೊಸ ದೀಪಗಳು ಕನಿಷ್ಠ ಮಿತಿಗಿಂತ ಹೆಚ್ಚು ಪ್ರಖರವಾಗಿರುವುದರಿಂದ ವಾಸ್ತವದಲ್ಲಿ ದೂರಗಳು ಇದಕ್ಕಿಂತ ಹೆಚ್ಚಿರಬಹುದು. ಪ್ರಮಾಣದಲ್ಲಿ ಆಗುವ ಇಳಿಕೆ ಮಾತ್ರ ಬದಲಾಗುವುದಿಲ್ಲ. ದೀಪದ ಮೇಲೆ ಧೂಳು, ಕೆಸರು ಕುಳಿತಾಗ, ಪ್ಲಾಸ್ಟಿಕ್ ಬಿಸಿಲಿಗೆ ಮಾಸಿದಾಗ ಮತ್ತು ಬಲ್ಬ್ ಹಳೆಯದಾದಾಗ ಈ ನಷ್ಟಗಳೆಲ್ಲವೂ ಒಂದರೊಡನೊಂದು ಗುಣಾಕಾರಗೊಳ್ಳುತ್ತವೆ.

ಬ್ರೇಕ್ ದೀಪಕ್ಕೆ ಹಗಲು ಹೆಚ್ಚು ಕಠಿಣವಾದ ಪರೀಕ್ಷೆ. ಲೇಪನವು ಸ್ಥಾನ ಸೂಚಕವನ್ನೂ ಬ್ರೇಕ್ ದೀಪವನ್ನೂ ಒಂದೇ ಪ್ರಮಾಣದಲ್ಲಿ ಕುಂದಿಸುವುದರಿಂದ ರಾತ್ರಿಯಲ್ಲಿ ಅವುಗಳ ನಡುವಿನ ಅನುಪಾತ ಹಾಗೆಯೇ ಉಳಿಯುತ್ತದೆ. ನೇರ ಬಿಸಿಲಿನಲ್ಲಾದರೋ ಮಂದವಾದ ಬ್ರೇಕ್ ದೀಪ ಉರಿದದ್ದೇ ತಿಳಿಯದೆ ಹೋಗಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಲಿಸುವ ವಾಹನವು ಪ್ರತಿ ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಹಿಂದಿನ ಚಾಲಕನು ಸಂಕೇತವನ್ನು ಅರ್ಧ ಸೆಕೆಂಡ್ ತಡವಾಗಿ ಗುರುತಿಸಿದರೂ ವಾಹನ ಎಂಟು ಮೀಟರಿಗಿಂತ ಹೆಚ್ಚು, ಅಂದರೆ ಎರಡು ಸಣ್ಣ ಕಾರುಗಳ ಉದ್ದದಷ್ಟು, ಮುಂದೆ ಸಾಗಿರುತ್ತದೆ.

ಕೆಂಪು ಬೆಳಕು ಮಂಜನ್ನು ಸೀಳಿಕೊಂಡು ದೂರ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಗಾಳಿಯ ಅಣುಗಳಂಥ ಅತಿಸೂಕ್ಷ್ಮ ಕಣಗಳ ವಿಷಯದಲ್ಲಿ ಕೆಂಪು ಬೆಳಕು ಕಡಿಮೆ ಚದುರುತ್ತದೆ ಎಂಬುದು ನಿಜ. ಆದರೆ ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡವಾಗಿರುವುದರಿಂದ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಒಂದೇ ರೀತಿ ಚದುರುತ್ತವೆ. ಆದ್ದರಿಂದ ಮಂಜಿನಲ್ಲಿ ನೆರವಾಗುವುದು ದೀಪದ ಬಣ್ಣವಲ್ಲ, ತೀವ್ರತೆ. ಮಂಜು ದೀಪಕ್ಕೆ ಸಾಮಾನ್ಯ ಸ್ಥಾನ ಸೂಚಕಕ್ಕಿಂತ ಹಲವು ಪಟ್ಟು ಹೆಚ್ಚಿನ ಮಿತಿ ನಿಗದಿಯಾಗಿರುವುದಕ್ಕೆ ಇದೇ ಕಾರಣ.

ನೋಡುವವರ ಕಣ್ಣೂ ಒಂದೇ ರೀತಿ ಇರುವುದಿಲ್ಲ. ಕೆಂಪು ಬೆಳಕನ್ನು ಗ್ರಹಿಸುವ ಶಂಕುಕೋಶಗಳಲ್ಲಿ ಜನ್ಮಜಾತ ದೋಷವುಳ್ಳವರಿಗೆ ಕೆಂಪು ದೀಪಗಳು ಇತರರಿಗೆ ಕಾಣುವುದಕ್ಕಿಂತ ಬಹಳ ಮಂಕಾಗಿ ಕಾಣುತ್ತವೆ. ವರ್ಣಾಂಧತೆಯ ಈ ಬಗೆ ಪುರುಷರಲ್ಲಿ ಹೆಚ್ಚು. ಕಣ್ಣಿನ ಪೊರೆ ಬೆಳೆಯುತ್ತಿರುವ ವೃದ್ಧರಿಗೂ ಮಂದ ಬೆಳಕು ಕಷ್ಟಕರ. ಲೇಪನ ಮಾಡಿದವರ ಕಣ್ಣಿಗೆ ಸಾಕೆನಿಸುವ ಬೆಳಕು ಇವರಿಗೆ ಸಾಲದಾಗಬಹುದು.

ಕಾನೂನು

ಭಾರತದಲ್ಲಿ ಈ ವಿಷಯಕ್ಕೆ ಮೋಟಾರು ವಾಹನಗಳ ಅಧಿನಿಯಮ, 1988 ಹಾಗೂ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989 ಅನ್ವಯಿಸುತ್ತವೆ. ಇವೆರಡೂ 1989ರ ಜುಲೈ 1ರಂದು ಜಾರಿಗೆ ಬಂದವು. ಕಾನೂನು ಹಿಂಬದಿ ದೀಪವನ್ನು ಅದರ ನೋಟದಿಂದಲ್ಲ, ಅದು ಮಾಡಬೇಕಾದ ಕೆಲಸದಿಂದ ಅಳೆಯುತ್ತದೆ.

ನಿಯಮ 105ರ ಪ್ರಕಾರ ಕತ್ತಲಾದ ಮೇಲೆ ಮತ್ತು ಬೆಳಕು ಸಾಲದಿರುವ ಯಾವುದೇ ಸಮಯದಲ್ಲಿ ವಾಹನದ ಹಿಂಬದಿ ದೀಪದ ಕೆಂಪು ಬೆಳಕು ಹಿಂದಿನಿಂದ 155 ಮೀಟರ್ ದೂರಕ್ಕೆ ಕಾಣುವಂತಿರಬೇಕು. ಹಿಂದಿನ ನೋಂದಣಿ ಫಲಕವು 15 ಮೀಟರ್ ದೂರದಿಂದ ಓದಲು ಬರುವಂತೆ ಬೆಳಗಿರಬೇಕು. ಪ್ರತಿಫಲಕಗಳ ಬಗ್ಗೆ ನಿಯಮ 104 ಇದೆ. ನಿಯಮ 108 ಮುಂಭಾಗಕ್ಕೆ ಕೆಂಪು ಬೆಳಕನ್ನೂ, ಹಿಂಚಲನೆ ದೀಪದಂಥ ವಿನಾಯಿತಿಗಳನ್ನು ಬಿಟ್ಟು ಹಿಂಭಾಗಕ್ಕೆ ಕೆಂಪಲ್ಲದ ಬೆಳಕನ್ನೂ ತೋರುವುದನ್ನು ನಿರ್ಬಂಧಿಸುತ್ತದೆ. ದೀಪಗಳ ಅಳವಡಿಕೆಗೆ ಎಐಎಸ್-008 ಎಂಬ ವಾಹನೋದ್ಯಮ ಮಾನದಂಡವಿದೆ.

ಅಧಿನಿಯಮದ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ರಸ್ತೆ ಸುರಕ್ಷತೆಯ ಮಾನದಂಡವನ್ನು ಉಲ್ಲಂಘಿಸುವ ವಾಹನವನ್ನು ಚಲಾಯಿಸುವುದಕ್ಕೆ 190ನೆಯ ಕಲಮು ಅನ್ವಯಿಸುತ್ತದೆ.

ಕಿಟಕಿ ಗಾಜಿನ ಫಿಲ್ಮ್ ಕುರಿತು ಸರ್ವೋಚ್ಚ ನ್ಯಾಯಾಲಯವು ಅಭಿಷೇಕ್ ಗೋಯೆಂಕಾ ಪ್ರಕರಣದಲ್ಲಿ 2012ರ ಏಪ್ರಿಲ್ 27ರಂದು ನೀಡಿದ ತೀರ್ಪನ್ನು ದೀಪಗಳಿಗೂ ಸೇರಿಸಿ ಹೇಳುವುದುಂಟು. ಆ ತೀರ್ಪು ನಿಯಮ 100ರ ಅಡಿಯಲ್ಲಿ ಬರುವ ಗಾಜುಗಳಿಗೆ ಸಂಬಂಧಿಸಿದ್ದು. ಮುಂದಿನ ಹಾಗೂ ಹಿಂದಿನ ಗಾಜಿಗೆ ಶೇ. 70, ಪಕ್ಕದ ಗಾಜಿಗೆ ಶೇ. 50 ಎಂಬ ಪ್ರಸರಣ ಮಿತಿಗಳು ಕಿಟಕಿಗಳಿಗೆ ಹೇಳಿದವು. ಅಷ್ಟೇ ಛಾಯೆಯನ್ನು ದೀಪಗಳಿಗೆ ಹಾಕಬಹುದು ಎಂಬ ಅರ್ಥ ಅವುಗಳಿಂದ ಹೊರಡುವುದಿಲ್ಲ.

ಬಾಡಿಗೆ ಕಾರು, ಬಸ್ಸು, ಲಾರಿಗಳಂಥ ಸಾರಿಗೆ ವಾಹನಗಳು ನಿಯತಕಾಲಕ್ಕೆ ಅರ್ಹತಾ ಪ್ರಮಾಣಪತ್ರ ಪಡೆಯಬೇಕಿದ್ದು, ಆಗ ದೀಪಗಳ ತಪಾಸಣೆಯೂ ನಡೆಯುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಗಳ ಅವಧಿಗೆ ಊರ್ಜಿತದಲ್ಲಿರುತ್ತದೆ. ಆವರೆಗೆ ಅದರ ದೀಪಗಳನ್ನು ನಿಯತವಾಗಿ ಪರೀಕ್ಷಿಸುವ ವ್ಯವಸ್ಥೆ ಇಲ್ಲದ ಕಾರಣ, ಮನೆಯಲ್ಲಿ ಮಾಡಿದ ಲೇಪನ ಸರಿಯಿದೆಯೇ ಎಂದು ನೋಡುವ ಹೊಣೆ ಬಹುಮಟ್ಟಿಗೆ ಮಾಲೀಕರ ಮೇಲೆಯೇ ಉಳಿಯುತ್ತದೆ.

ಹಾಸನ ಜಿಲ್ಲೆಯ ರಸ್ತೆಗಳ ಸಂದರ್ಭ

ಹಿಂಬದಿ ದೀಪದ ಪ್ರಾಮುಖ್ಯವು ಬೀದಿದೀಪಗಳಿಲ್ಲದ ಗ್ರಾಮೀಣ ರಸ್ತೆಗಳಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು ಮತ್ತು ಅರಸೀಕೆರೆಗಳನ್ನು ಒಳಗೊಂಡ ಪ್ರದೇಶ ಇದಕ್ಕೆ ಒಂದು ನಿದರ್ಶನ. ಮಂಗಳೂರಿನಿಂದ ಚಾರ್ಮಾಡಿ ಘಾಟಿಯನ್ನು ಹತ್ತಿ ಮೂಡಿಗೆರೆ, ಬೇಲೂರು, ಹಳೇಬೀಡು, ಬಾಣಾವರ, ಅರಸೀಕೆರೆ, ತಿಪಟೂರುಗಳ ಮೂಲಕ ತುಮಕೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಈ ಭಾಗವನ್ನು ಹಾದುಹೋಗುತ್ತದೆ. ಪಶ್ಚಿಮದಲ್ಲಿ ಮಲೆನಾಡಿನ ಕಾಫಿ ತೋಟಗಳು, ಪೂರ್ವದಲ್ಲಿ ತೆಂಗಿನ ಸೀಮೆ. ಒಂದೇ ಹೆದ್ದಾರಿಯಲ್ಲಿ ಘಾಟಿಯ ಮಂಜೂ ಬಯಲಿನ ಧೂಳೂ ಎದುರಾಗುತ್ತವೆ. ಅರಸೀಕೆರೆ ಮತ್ತು ತಿಪಟೂರುಗಳು ಕೊಬ್ಬರಿಯ ವ್ಯಾಪಾರಕ್ಕೆ ಹೆಸರಾದ ಮಾರುಕಟ್ಟೆಗಳಾದುದರಿಂದ ಸರಕು ವಾಹನಗಳ ಸಂಚಾರವೂ ಇಲ್ಲಿದೆ.

ಬೇಲೂರು ಮತ್ತು ಹಳೇಬೀಡುಗಳ ನಡುವಿನ ಅಂತರ ಸುಮಾರು 16 ಕಿಲೋಮೀಟರ್. ಇವೆರಡರ ಹೊಯ್ಸಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಡನೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡಿನ ಸಮೀಪದ ಹುಲಿಕೆರೆ ಗ್ರಾಮದಲ್ಲಿ ಹೊಯ್ಸಳರ ಕಾಲದ ಪ್ರಸಿದ್ಧ ಕಲ್ಯಾಣಿಯಿದೆ. ಹೀಗಾಗಿ ಊರಿನ ಟ್ರ್ಯಾಕ್ಟರು, ಎತ್ತಿನಗಾಡಿ, ದ್ವಿಚಕ್ರ ವಾಹನಗಳು ಹಾಗೂ ದಾರಿಯ ಪರಿಚಯವಿಲ್ಲದ ಪ್ರವಾಸಿಗರ ಕಾರುಗಳು ಒಂದೇ ಕಿರಿದಾದ ರಸ್ತೆಯನ್ನು ಹಂಚಿಕೊಳ್ಳುತ್ತವೆ. ಇಂಥ ರಸ್ತೆಯಲ್ಲಿ ವೇಗವಾಗಿ ಬರುವ ಕಾರಿನ ಚಾಲಕನಿಗೆ ಮುಂದೆ ನಿಧಾನವಾಗಿ ಸಾಗುವ ಅಥವಾ ನಿಂತಿರುವ ವಾಹನದ ಮೊದಲ ಸುಳಿವು ದೊರೆಯುವುದು ಅದರ ಕೆಂಪು ದೀಪ ಅಥವಾ ಪ್ರತಿಫಲಕದಿಂದ.

ಟ್ರ್ಯಾಕ್ಟರಿನ ಟ್ರೈಲರ್ ಮತ್ತು ಎತ್ತಿನಗಾಡಿಗಳ ಹಿಂಭಾಗಕ್ಕೆ ಅಂಟಿಸುವ ಪ್ರತಿಫಲಕ ಪಟ್ಟಿಯನ್ನು ಕರ್ನಾಟಕದಲ್ಲಿ ಸಾಮಾನ್ಯವಾಗಿ ರೇಡಿಯಂ ಎಂದು ಕರೆಯುತ್ತಾರೆ. ಇದರಲ್ಲಿ ರೇಡಿಯಂ ಧಾತುವಿಲ್ಲ. ಸೂಕ್ಷ್ಮವಾದ ಗಾಜಿನ ಮಣಿಗಳು ಅಥವಾ ಪಟ್ಟಕಗಳು ಬೆಳಕನ್ನು ಬಂದ ದಿಕ್ಕಿಗೆ ತಿರುಗಿಸುತ್ತವೆ. ಪಟ್ಟಣಗಳ ಸ್ಟಿಕ್ಕರ್ ಅಂಗಡಿಗಳಲ್ಲಿ ರೇಡಿಯಂ ಪಟ್ಟಿಯೂ ಕಪ್ಪು ಫಿಲ್ಮೂ ಅಕ್ಕಪಕ್ಕದಲ್ಲಿ ದೊರೆಯುವುದುಂಟು. ಒಂದು ದೀಪವೇ ಇಲ್ಲದ ಗಾಡಿಯನ್ನು ಕಾಣುವಂತೆ ಮಾಡುತ್ತದೆ; ಇನ್ನೊಂದು ದೀಪವಿರುವ ಕಾರನ್ನು ಕಾಣದಂತೆ ಮಾಡುತ್ತದೆ.

ಕರ್ನಾಟಕ ಪೊಲೀಸರು 2024ರ ಜುಲೈಯಿಂದ ಕಣ್ಣು ಕೋರೈಸುವ ಎಲ್‌ಇಡಿ ಮುಂದೀಪಗಳ ವಿರುದ್ಧ ಕಾರ್ಯಾಚರಣೆ ಕೈಗೊಂಡರು. ಅತಿ ಪ್ರಖರವಾದ ಮುಂದೀಪ ಮತ್ತು ಅತಿ ಮಂದವಾದ ಹಿಂಬದಿ ದೀಪ ಒಂದಕ್ಕೊಂದು ಸಂಬಂಧವುಳ್ಳ ಸಮಸ್ಯೆಗಳು. ಎದುರಿನಿಂದ ಬಂದ ಪ್ರಖರ ಬೆಳಕಿಗೆ ಕುರುಡಾದ ಕಣ್ಣು ಮರಳಿ ಹೊಂದಿಕೊಳ್ಳುವ ಕೆಲವು ಸೆಕೆಂಡುಗಳಲ್ಲಿ ಮುಂದಿರುವ ವಾಹನದ ಮಂದ ಕೆಂಪು ದೀಪವನ್ನು ಗುರುತಿಸಲಾರದು.

ಲೇಪನವನ್ನು ತೆಗೆಯುವುದು

ಫಿಲ್ಮ್ ಅನ್ನು ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯಿಂದ ಮೆತ್ತಗಾಗಿಸಿ, ಒಂದು ಮೂಲೆಯಿಂದ ನಿಧಾನವಾಗಿ ಸುಲಿಯಲಾಗುತ್ತದೆ. ಉಳಿದ ಅಂಟನ್ನು ಸಾಬೂನು ನೀರು ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬಹುದು. ಪೆಟ್ರೋಲ್, ಥಿನ್ನರ್ ಮತ್ತು ಅಸಿಟೋನ್‌ಗಳು ಪ್ಲಾಸ್ಟಿಕ್ ಅನ್ನು ಬಿಳಿಚಿಸಿ ಬಿರುಕು ಮೂಡಿಸುವುದರಿಂದ ಅವುಗಳನ್ನು ಬಳಸಬಾರದು.

ತುಂತುರು ಬಣ್ಣವನ್ನು ತೆಗೆಯುವುದು ಹೆಚ್ಚು ಶ್ರಮದಾಯಕ. ನೀರುಕಾಗದವನ್ನು ಒರಟಿನಿಂದ ನಯಕ್ಕೆ ಹಂತಹಂತವಾಗಿ ಬದಲಿಸುತ್ತ, ಸತತವಾಗಿ ನೀರು ಹಾಕಿ ಉಜ್ಜಿ, ಕೊನೆಯಲ್ಲಿ ಪಾಲಿಶ್‌ನಿಂದ ಹೊಳಪು ತರಲಾಗುತ್ತದೆ. ಕಾರ್ಖಾನೆಯಲ್ಲಿ ನೀಡಿದ ರಕ್ಷಣಾ ಲೇಪವೂ ಇದರೊಡನೆ ಸವೆದುಹೋದರೆ ಪ್ಲಾಸ್ಟಿಕ್ ಬಿಸಿಲಿಗೆ ಬೇಗ ಮಾಸುತ್ತದೆ. ಆಗ ಹೊಸ ಪಾರದರ್ಶಕ ರಕ್ಷಣಾ ಲೇಪ ಅಗತ್ಯವಾಗುತ್ತದೆ. ಬಿರುಕು ಮೂಡಿದ ಹೊರಕವಚವನ್ನು ಸರಿಪಡಿಸಲು ಆಗುವುದಿಲ್ಲ, ದೀಪವನ್ನೇ ಬದಲಿಸಬೇಕಾಗುತ್ತದೆ.

ಪರ್ಯಾಯಗಳು

ದೀಪದ ಅಂದವನ್ನು ಹೆಚ್ಚಿಸಲು ಬೆಳಕನ್ನು ಕುಂದಿಸದ ಮಾರ್ಗಗಳೂ ಇವೆ. ಮಾಸಿದ ಹೊರಕವಚವನ್ನು ಪಾಲಿಶ್ ಮಾಡುವುದು, ಹಳೆಯ ಬಲ್ಬ್ ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸುವುದು, ಅದೇ ಮಾದರಿಗೆ ತಯಾರಕರೇ ಒದಗಿಸುವ ಅನುಮೋದಿತ ದೀಪವನ್ನು ಅಳವಡಿಸುವುದು ಹಾಗೂ ಗೀರುಗಳಿಂದ ಕಾಪಾಡುವ ಬಣ್ಣರಹಿತ ಫಿಲ್ಮ್ ಅಂಟಿಸುವುದು ಇವುಗಳಲ್ಲಿ ಮುಖ್ಯವಾದವು. ಎಲ್‌ಇಡಿ ದೀಪಗಳಿಗೆ ಇನ್ನೊಂದು ಅನುಕೂಲವಿದೆ. ತಂತುವಿನ ಬಲ್ಬ್ ಪೂರ್ಣ ಪ್ರಕಾಶಕ್ಕೆ ಬರಲು ಸೆಕೆಂಡಿನ ಸುಮಾರು ಐದನೆಯ ಒಂದು ಭಾಗದಷ್ಟು ಕಾಲ ಬೇಕಾದರೆ ಎಲ್‌ಇಡಿ ಬಹುತೇಕ ತಕ್ಷಣ ಬೆಳಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಈ ವ್ಯತ್ಯಾಸವು ಐದು ಮೀಟರಿಗೂ ಹೆಚ್ಚಿನ ದೂರಕ್ಕೆ ಸಮ. ಆದರೆ ತಂತುವಿನ ಬಲ್ಬ್‌ಗೆಂದು ರೂಪಿಸಿದ ಪೆಟ್ಟಿಗೆಯಲ್ಲಿ ಎಲ್‌ಇಡಿ ಬಲ್ಬ್ ಕೂರಿಸಿದರೆ ಬೆಳಕು ಹರಡುವ ರೀತಿ ಬದಲಾಗುವುದರಿಂದ ಅದನ್ನು ಲೇಪನದ ನಷ್ಟಕ್ಕೆ ಪರಿಹಾರವೆಂದು ಪರಿಗಣಿಸಲಾಗುವುದಿಲ್ಲ.

ಇವನ್ನೂ ನೋಡಿ

ಮುಂದೀಪ
ಪ್ರತಿಫಲಕ
ರಸ್ತೆ ಸುರಕ್ಷತೆ
ಮೋಟಾರು ವಾಹನಗಳ ಅಧಿನಿಯಮ, 1988
ವರ್ಣಾಂಧತೆ
ಹುಲಿಕೆರೆ ಕಲ್ಯಾಣಿ